ಮೆಕ್ಸಿಕೋದ ಅಡುಗೆ ಪದಾರ್ಥಗಳ ಆಯಿಲ್ ಪೇಂಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೋ ಪೇಂಟಿಂಗ್ ಅಂದ ತಕ್ಷಣ ಜನಕ್ಕೆ ನೆನಪಾಗೋದು ದೊಡ್ಡ ದೊಡ್ಡ ಗೋಡೆಚಿತ್ರಗಳು, ಇಲ್ಲಾ ಅಂದ್ರೆ ಫ್ರೀಡಾ ಕಾಹ್ಲೋ ಅವರ ಸೆಲ್ಫ್ ಪೋರ್ಟ್ರೇಟ್‌ಗಳು. ಅದೇ ದೇಶದಲ್ಲಿ ಇನ್ನೊಂದು ಜಾತಿ ಚಿತ್ರಗಳಿವೆ, ಮೇಜಿನ ಮೇಲೆ ಮೆಣಸಿನಕಾಯಿ, ಮೆಕ್ಕೆಜೋಳ, ಹಣ್ಣು, ಮಣ್ಣಿನ ಗಡಿಗೆ ಇಟ್ಕೊಂಡು ಬರೆದಿರೋವು. ನನಗೆ ಈ ಚಿತ್ರಗಳು ತುಂಬಾ ಇಷ್ಟ, ಇವುಗಳ ಬಗ್ಗೆ ಕನ್ನಡದಲ್ಲಿ ಓದೋಕೆ ಸಿಗೋದು ಕಮ್ಮಿ, ಅದಕ್ಕೇ ಜನ ಸಾಮಾನ್ಯವಾಗಿ ಕೇಳೋ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೀನಿ.

ಸ್ಟಿಲ್ ಲೈಫ್ ಎಲ್ಲಾ ದೇಶದಲ್ಲೂ ಇದೆ, ಮೆಕ್ಸಿಕೋದ್ರಲ್ಲಿ ಅಂಥದ್ದೇನು?

ಸ್ಟಿಲ್ ಲೈಫ್ ಅಂದ್ರೆ ಅಲುಗಾಡದೇ ಇರೋ ವಸ್ತುಗಳ ಚಿತ್ರ, ಹಣ್ಣು, ಪಾತ್ರೆ, ಹೂವು, ಬ್ರೆಡ್ಡು, ಮೀನು ಇಂಥವು. ಯುರೋಪಿನವರು ಇದನ್ನ ಶತಮಾನಗಳಿಂದ ಬರೀತಾ ಇದ್ರು. ಮೆಕ್ಸಿಕೋಗೆ ಆಯಿಲ್ ಪೇಂಟಿಂಗ್ ಹೋಗಿದ್ದೇ ಸ್ಪೇನಿನವರು 1521ರಲ್ಲಿ ಆ ನಾಡನ್ನ ಗೆದ್ದ ಮೇಲೆ, ಹಾಗಾಗಿ ವಿಧಾನ ಎಲ್ಲಾ ಯುರೋಪಿನದ್ದೇ. ಆದ್ರೆ ಮೇಜಿನ ಮೇಲಿರೋ ಸಾಮಾನು ಯುರೋಪಿನದ್ದಲ್ಲ. ಸ್ಪೇನಿನವರು ಬರೋಕೆ ಸಾವಿರಾರು ವರ್ಷ ಮುಂಚೆಯಿಂದ ಅಲ್ಲಿನ ಜನ ಬೆಳೆದು ತಿಂತಿದ್ದ ಮೆಕ್ಕೆಜೋಳ, ಮೆಣಸಿನಕಾಯಿ, ಪಾಪಸುಕಳ್ಳಿ, ಕುಂಬಳ, ಬೀನ್ಸು ಅಲ್ಲಿದೆ. ಬಹಳ ಕಾಲ ಇವನ್ನೆಲ್ಲ ಬಡವರ ಊಟ, ಮೂಲನಿವಾಸಿಗಳ ಊಟ ಅಂತ ಮೇಲ್ವರ್ಗದವರು ಕೀಳಾಗಿ ನೋಡ್ತಿದ್ರು. ಅಂಥ ಪದಾರ್ಥಗಳನ್ನ ತಂದು, ಬೆಳಕು ಬಿಟ್ಟು, ಒಬ್ಬ ಗಣ್ಯ ವ್ಯಕ್ತಿ ಚಿತ್ರ ಬರೆಯೋವಾಗ ತೋರಿಸೋ ಮರ್ಯಾದೆನೇ ತೋರಿಸಿ ಬರೆದಿದಾರಲ್ಲ, ನನ್ನ ಪ್ರಕಾರ ಇಡೀ ವಿಷಯ ಇರೋದೇ ಅಲ್ಲಿ.

ಇದು ಯಾವಾಗಿಂದ ಶುರುವಾಯ್ತು?

ತುಂಬಾ ಹಳೇದ್ರಲ್ಲಿ ಪ್ರಸಿದ್ಧವಾಗಿರೋದು ಆಂತೋನಿಯೊ ಪೆರೆಸ್ ದೆ ಅಗಿಲಾರ್ 1769ರಲ್ಲಿ ಬರೆದ ಒಂದು ಕಪಾಟಿನ ಚಿತ್ರ. ಕಪಾಟಿನ ಹಲಗೆಗಳ ಮೇಲೆ ಪುಸ್ತಕ, ಪಿಟೀಲು, ಬ್ರೆಡ್ಡು, ಪಾತ್ರೆ, ಬುಟ್ಟಿ ಎಲ್ಲಾ ನೀಟಾಗಿ ಕೂತಿವೆ, ಕೈ ಹಾಕಿ ತಗೊಳೋಣ ಅನ್ನೋ ಅಷ್ಟು ನಿಜ ಅನ್ಸತ್ತೆ.

ಅದೇ ಕಾಲದಲ್ಲಿ ಇನ್ನೊಂದು ಥರದ ಚಿತ್ರಗಳೂ ಇದ್ವು, ಕಾಸ್ತಾ ಪೇಂಟಿಂಗ್ ಅಂತ. ಯಾವ ಜನಾಂಗದವರಿಗೆ ಯಾರ ಜೊತೆ ಮಗು ಹುಟ್ಟಿದ್ರೆ ಅದಕ್ಕೆ ಏನು ಹೆಸರು ಅಂತ ಮನುಷ್ಯರನ್ನೇ ಮೇಲು ಕೀಳು ಅಂತ ಸಾಲಾಗಿ ನಿಲ್ಲಿಸೋ ಚಿತ್ರಗಳು ಅವು, ನೋಡೋಕೆ ಕಷ್ಟ ಆಗತ್ತೆ. ಅದ್ರಲ್ಲಿ ಲೂಯಿಸ್ ದೆ ಮೇನಾ ಸುಮಾರು 1750ರಲ್ಲಿ ಬರೆದಿದ್ದೊಂದು ಈಗ ಮ್ಯಾಡ್ರಿಡ್‌ನಲ್ಲಿದೆ, ಮೇಲುಗಡೆ ಗ್ವಾದಲೂಪೆ ಮಾತೆ (ಮೆಕ್ಸಿಕೋದವರು ಪೂಜಿಸೋ ಮೇರಿ ಮಾತೆ), ಮಧ್ಯದಲ್ಲಿ ಈ ಮನುಷ್ಯರ ಪಟ್ಟಿ, ಕೆಳಗಡೆ ಆ ನಾಡಿನ ಹಣ್ಣುಗಳು. ನಮ್ಮ ಹೊಸ ರಾಜ್ಯದಲ್ಲಿ ಏನೇನು ಬೆಳೆಯತ್ತೆ ನೋಡಿ ಅಂತ ಸ್ಪೇನಿಗೆ ಲೆಕ್ಕ ಒಪ್ಪಿಸಿದ ಹಾಗೆ. 1821ರಲ್ಲಿ ಮೆಕ್ಸಿಕೋ ಸ್ವತಂತ್ರ ಆಯ್ತು, ಆಮೇಲೆ ಅದೇ ಹಣ್ಣುಗಳನ್ನ ಅಲ್ಲಿಯವರು ತಮ್ಮ ಊಟದ ಮನೆ ಗೋಡೆಗೆ ಅಂತಾನೇ ಬರೆಸೋಕೆ ಶುರುಮಾಡಿದ್ರು. ಹಣ್ಣು ಅದೇ, ಆದ್ರೆ ಈಗ ನೋಡೋರು ಯಾರು ಅನ್ನೋದು ಬದಲಾಯ್ತು.

ಒಬ್ಬರ ಚಿತ್ರದಿಂದ ಶುರುಮಾಡಬೇಕು ಅಂದ್ರೆ ಯಾರದ್ದು ನೋಡಲಿ?

ಹೋಸೆ ಅಗುಸ್ತಿನ್ ಅರ್ರಿಯೆತ. 1803ರಲ್ಲಿ ತ್ಲಸ್ಕಾಲಾ ಪ್ರಾಂತ್ಯದಲ್ಲಿ ಹುಟ್ಟಿ, ಜೀವನ ಪೂರ್ತಿ ಪುಯೆಬ್ಲಾ ನಗರದಲ್ಲಿ ಕಳೆದು, 1874ರಲ್ಲಿ ತೀರಿಕೊಂಡವರು. ಪುಯೆಬ್ಲಾ ಅಂದ್ರೆ ಮೆಕ್ಸಿಕೋದಲ್ಲಿ ಊಟಕ್ಕೆ ಹೆಸರಾದ ಊರು, ಮೋಲೆ ಅನ್ನೋ ಮಸಾಲೆ ಗ್ರೇವಿ ಅಂದ್ರೆ ಮೊದಲು ನೆನಪಾಗೋದೇ ಆ ಊರು. ಅರ್ರಿಯೆತ ಅಡುಗೆಮನೆ, ಮಾರ್ಕೆಟ್ಟು, ಪುಲ್ಕೆ ಅನ್ನೋ ಹುಳಿ ಬರಿಸಿದ ಪಾನೀಯದ ಅಂಗಡಿ ಅಂತ ಬೀದಿ ಜೀವನ ಎಲ್ಲಾ ಬರೆದಿದಾರೆ, ಜೊತೆಗೆ ಊಟದ ಮನೆಗೆ ಅಂತ ಈ ಸ್ಟಿಲ್ ಲೈಫ್‌ಗಳು. ಅವರ ಮೇಜು ನೋಡಿದ್ರೆ ಹೊರದೇಶದ ಗಾಜಿನ ಲೋಟದ ಪಕ್ಕದಲ್ಲೇ ಊರಿನ ಕುಂಬಾರ ಮಾಡಿದ ಮಣ್ಣಿನ ಹೂಜಿ ಇರತ್ತೆ, ಯುರೋಪಿನ ಥರದ ಬ್ರೆಡ್ಡಿನ ಪಕ್ಕ ಊರಿನ ಹಣ್ಣು. ಎರಡಕ್ಕೂ ಒಂದೇ ಬೆಳಕು, ಗಾಜಿಗೆ ಜಾಸ್ತಿ ಮಣ್ಣಿಗೆ ಕಮ್ಮಿ ಅಂತಿಲ್ಲ.

ಚೇಳು ಕಪ್ಪೆ ಇರೋ ಹಣ್ಣಿನ ಚಿತ್ರ ಅಂತಾರಲ್ಲ, ಅದು ಯಾವುದು?

ಅದು ಎರ್ಮೆನೆಹಿಲ್ದೊ ಬುಸ್ತೋಸ್ ಅವರದ್ದು, 1874ರದ್ದು. ನನಗೆ ಈ ಇಡೀ ಪರಂಪರೆಯಲ್ಲಿ ಅತಿ ಇಷ್ಟವಾದ ಚಿತ್ರ ಇದೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೀತೀನಿ.

ಬುಸ್ತೋಸ್ 1832ರಲ್ಲಿ ಗ್ವಾನಹ್ವಾತೊ ಪ್ರಾಂತ್ಯದ ಪುರಿಸಿಮಾ ದೆಲ್ ರಿಂಕೋನ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದವರು, 1907ರಲ್ಲಿ ಅಲ್ಲೇ ತೀರಿಕೊಂಡ್ರು. ಐಸ್ ಮಾಡಿ ಮಾರ್ತಿದ್ರು, ಇನ್ನೂ ಹತ್ತಾರು ಕೈಕೆಲಸ ಗೊತ್ತಿತ್ತು, ಊರವರ ಮುಖಗಳನ್ನ ತಗಡಿನ ಹಾಳೆ ಮೇಲೆ ಬರೆದುಕೊಡ್ತಿದ್ರು. ಚಿತ್ರಕ್ಕೆ ಸಹಿ ಹಾಕೋವಾಗ ತಮ್ಮನ್ನ ಹವ್ಯಾಸಿ ಅಂತಾನೇ ಬರ್ಕೊತಿದ್ರು. ಅವರು ಬರೆದ ಸ್ಟಿಲ್ ಲೈಫ್‌ನಲ್ಲಿ ಹೆಸರಾಗಿರೋವು ಎರಡೇ, 1874ರ ಈ ಚೇಳು ಕಪ್ಪೆಯದ್ದು, 1877ರ ಅನಾನಸ್ ಇರೋದು.

ಬೇರೆ ಎಲ್ಲಾ ಸ್ಟಿಲ್ ಲೈಫ್‌ನಲ್ಲಿ ಒಂದು ಮೇಜು ಇರತ್ತೆ, ಒಂದರ ಮೇಲೊಂದು ಹಣ್ಣು ಒರಗಿರತ್ತೆ, ಹಿಂದುಗಡೆ ಕತ್ತಲೆ ಇರತ್ತೆ. ಬುಸ್ತೋಸ್ ಅದ್ಯಾವುದನ್ನೂ ಮಾಡಿಲ್ಲ. ಹಣ್ಣುಗಳನ್ನ ಸಾಲು ಸಾಲಾಗಿ ಬಿಡಿಬಿಡಿಯಾಗಿ ಇಟ್ಟಿದಾರೆ, ಒಂದು ಇನ್ನೊಂದನ್ನ ಮುಚ್ಚಲ್ಲ, ಕೆಲವನ್ನ ಕೊಯ್ದು ಒಳಗಿನ ತಿರುಳು ಬೀಜ ಕಾಣೋ ಹಾಗೆ ತೋರಿಸಿದಾರೆ, ಪ್ರತಿಯೊಂದಕ್ಕೂ ಅದರದ್ದೇ ಜಾಗ. ನಡುವೆ ಹಣ್ಣಿನಷ್ಟೇ ಗಮನ ಕೊಟ್ಟು ಬರೆದ ಒಂದು ಚೇಳು, ಒಂದು ಕಪ್ಪೆ. ಯಾಕೆ ಇಟ್ರು ಅನ್ನೋದಕ್ಕೆ ಬೇಕಾದಷ್ಟು ವ್ಯಾಖ್ಯಾನ ಇವೆ, ಸಾವಿನ ಸಂಕೇತ ಅನ್ನೋರೂ ಇದಾರೆ. ನಾನು ನೋಡೋದು ಹೀಗೆ: ಆ ಊರಿನ ತೋಟದಲ್ಲಿ ಹಣ್ಣು ಕೀಳೋಕೆ ಕೈ ಹಾಕಿದ್ರೆ ಅಲ್ಲಿ ಚೇಳೂ ಇರತ್ತೆ ಕಪ್ಪೆನೂ ಇರತ್ತೆ, ಇರೋದನ್ನ ಇರೋ ಹಾಗೆ ಬರೆದ್ರು. ಚಿತ್ರ ಶಾಲೆಗೆ ಹೋಗಿ ನಿಯಮ ಕಲಿತವರು ಹೀಗೆ ಬರೆಯೋಕೆ ಧೈರ್ಯ ಮಾಡ್ತಿರಲಿಲ್ಲ ಅನ್ಸತ್ತೆ.

ಫ್ರೀಡಾ ಕಾಹ್ಲೋ ಸ್ಟಿಲ್ ಲೈಫ್ ಬರೆದಿದಾರಾ?

ಬರೆದಿದಾರೆ, ಅದೂ ಬಹಳ. 1938ರಲ್ಲೇ ಮೂರು ಒಳ್ಳೆ ಚಿತ್ರ ಇವೆ: ಭೂಮಿಯ ಫಲಗಳು ಅನ್ನೋದು, ಪಾಪಸುಕಳ್ಳಿ ಹಣ್ಣಿನದ್ದು, ಪಿತಾಹಯ ಹಣ್ಣಿನದ್ದು. ಪಿತಾಹಯ ಅಂದ್ರೆ ಈಗ ನಮ್ಮಲ್ಲಿ ಡ್ರ್ಯಾಗನ್ ಫ್ರೂಟ್ ಅಂತ ಮಾರ್ತಾರಲ್ಲ ಅದೇ ಕುಲದ್ದು. ಭೂಮಿಯ ಫಲಗಳು ಚಿತ್ರದಲ್ಲಿ ಸಿಪ್ಪೆ ಸುಲಿದ ಜೋಳದ ತೆನೆ, ಪಾಪಸುಕಳ್ಳಿ ಹಣ್ಣು, ಅಣಬೆ ಎಲ್ಲಾ ಮರದ ಮೇಜಿನ ಮೇಲಿವೆ, ನೋಡೋಕೆ ಸುಂದರ, ಸ್ವಲ್ಪ ಹೆದರಿಕೆನೂ ಆಗತ್ತೆ, ಯಾಕಂದ್ರೆ ಅವರು ಬರೆಯೋ ಹಣ್ಣು ಯಾವಾಗ್ಲೂ ಮೈ ಥರ ಕಾಣತ್ತೆ, ಕೊಯ್ದ ಕಡೆ ಗಾಯದ ಥರ.

ಕೊನೆ ವರ್ಷಗಳಲ್ಲಿ ಆರೋಗ್ಯ ಪೂರ್ತಿ ಕೆಟ್ಟು ಓಡಾಡೋಕೆ ಆಗದೇ ಇದ್ದಾಗ ಕೈಗೆ ಸಿಗೋ ಹಣ್ಣುಗಳನ್ನೇ ಹೆಚ್ಚು ಬರೆದ್ರು. 1953ರಲ್ಲಿ ಕಾಲು ತೆಗೆದ್ರು, 1954ರ ಜುಲೈ 13ಕ್ಕೆ ತೀರಿಕೊಂಡ್ರು. ಅದೇ 1954 ಅಂತ ನಮೂದಿರೋ ಕಲ್ಲಂಗಡಿ ಚಿತ್ರದಲ್ಲಿ ಇಡೀ ಹಣ್ಣು, ಅರ್ಧ ಹೋಳು, ಹಲ್ಲು ಹಲ್ಲಾಗಿ ಕೊಯ್ದಿದ್ದು ಎಲ್ಲಾ ಇವೆ, ಮುಂದಿನ ಹೋಳಿನ ಕೆಂಪು ತಿರುಳಿನ ಮೇಲೆ ವೀವಾ ಲಾ ವೀದಾ ಅಂತ, ಅಂದ್ರೆ ಬದುಕಿಗೆ ಜಯವಾಗಲಿ ಅಂತ, ಕೆಳಗೆ ತನ್ನ ಹೆಸರು, ಕೊಯೊಆಕಾನ್ (ಅವರ ಮನೆ ಇದ್ದ ಜಾಗ), 1954, ಮೆಕ್ಸಿಕೋ ಅಂತ ಬರೆದಿದಾರೆ. ಅಷ್ಟು ನೋವಲ್ಲಿದ್ದವರು ಹಾಗೆ ಬರೆದಿದಾರೆ ಅಂತ ಗೊತ್ತಿಟ್ಕೊಂಡು ಆ ಕೆಂಪು ನೋಡಿ.

ಮರಿಯಾ ಇಸ್ಕಿಯೆರ್ದೊ ಯಾರು? ಹೆಸರೇ ಕೇಳಿಲ್ಲ.

ಕೇಳಬೇಕಿತ್ತು ಅನ್ನೋದೇ ನನ್ನ ಅಭಿಪ್ರಾಯ. 1902ರಲ್ಲಿ ಹಲಿಸ್ಕೊ ಪ್ರಾಂತ್ಯದ ಸಾನ್ ಹುವಾನ್ ದೆ ಲೋಸ್ ಲಾಗೋಸ್‌ನಲ್ಲಿ ಹುಟ್ಟಿದವರು. 1930ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಒಬ್ಬರದ್ದೇ ಪ್ರದರ್ಶನ ಆಯ್ತು, ಅಮೆರಿಕದಲ್ಲಿ ಹಾಗೆ ಸೋಲೋ ಶೋ ಮಾಡಿದ ಮೊದಲ ಮೆಕ್ಸಿಕನ್ ಹೆಂಗಸು. 1945ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ದೊಡ್ಡ ಗೋಡೆಚಿತ್ರದ ಕೆಲಸ ಕೈಗೆ ಬಂದಿದ್ದು ತಪ್ಪಿಹೋಯ್ತು, ಆಗಿನ ಹೆಸರಾಂತ ಗೋಡೆಚಿತ್ರ ಕಲಾವಿದರಾದ ಡಿಯೆಗೊ ರಿವೆರಾ ಮತ್ತು ಸಿಕೆಯ್ರೋಸ್ ಇಬ್ಬರೂ ಅವರಿಗೆ ಆ ಕೆಲಸದ ಅನುಭವ ಇಲ್ಲ ಅಂತ ವಿರೋಧ ಮಾಡಿದ್ರು. ಅದಾದ ಮರುವರ್ಷನೇ, 1946ರಲ್ಲಿ, ಅವರ ಒಂದು ಅದ್ಭುತ ಸ್ಟಿಲ್ ಲೈಫ್ ಬಂತು, ಹುವಾಚಿನಾಂಗೊ ಅನ್ನೋ ಕೆಂಪು ಮೀನು ಇರೋದು. ಮೀನು ಅಡುಗೆಮನೆಯಲ್ಲಿಲ್ಲ, ಮೋಡ ಮುಸುಕಿದ ಖಾಲಿ ಬಯಲಿನ ಮುಂದೆ ಮಲಗಿದೆ. ಕಪಾಟಿನ ಚಿತ್ರಗಳು, ಹಬ್ಬದ ಪೂಜಾಪೀಠದ ಚಿತ್ರಗಳೂ ಇವೆ. ದುಃಖಮಾತೆಯ ಶುಕ್ರವಾರ ಅಂತ ಈಸ್ಟರ್‌ಗೆ ಮುಂಚೆ ಬರೋ ಆಚರಣೆಗೆ ಮನೆಮನೆಯಲ್ಲಿ ಮೊಳಕೆ ಬರಿಸಿದ ಗೋಧಿ ಕುಂಡ, ಸಣ್ಣ ಬಾವುಟ ಚುಚ್ಚಿದ ಕಿತ್ತಳೆ ಇಡ್ತಾರೆ, ಅದೆಲ್ಲಾ ಅವರ ಚಿತ್ರದಲ್ಲಿ ಬಂದಿದೆ. 1948ರಲ್ಲಿ ಪಾರ್ಶ್ವವಾಯು ಹೊಡೀತು, ಆದ್ರೂ ಬರೆಯೋದು ಬಿಡಲಿಲ್ಲ, 1955ರಲ್ಲಿ ತೀರಿಕೊಂಡ್ರು.

ಕಲ್ಲಂಗಡಿ ಯಾಕೆ ಅಷ್ಟೊಂದು ಚಿತ್ರದಲ್ಲಿ ಬರತ್ತೆ?

ಕೆಂಪು ತಿರುಳು, ಬಿಳಿ ಅಂಚು, ಹಸಿರು ಸಿಪ್ಪೆ, ಮೂರೂ ಮೆಕ್ಸಿಕೋ ಬಾವುಟದ ಬಣ್ಣ, ಅದೊಂದು ಕಾರಣ. ಇನ್ನೊಂದು ರುಫಿನೊ ತಮಾಯೊ ಅನ್ನೋ ಕಲಾವಿದರು. 1899ರಲ್ಲಿ ದಕ್ಷಿಣ ಮೆಕ್ಸಿಕೋದ ವಹಾಕಾದಲ್ಲಿ ಹುಟ್ಟಿ, ಚಿಕ್ಕ ವಯಸ್ಸಲ್ಲೇ ತಾಯಿ ತೀರಿಕೊಂಡು, ಮೆಕ್ಸಿಕೋ ನಗರದಲ್ಲಿ ಹಣ್ಣಿನ ವ್ಯಾಪಾರ ಮಾಡ್ತಿದ್ದ ಸಂಬಂಧಿಕರ ಜೊತೆ ಬೆಳೆದವರು, ಮಾರ್ಕೆಟ್‌ನಲ್ಲೇ ಕಣ್ಣು ಪಳಗಿತ್ತು. 1991ರಲ್ಲಿ ತೀರಿಕೊಳ್ಳೋ ತನಕ ಕಲ್ಲಂಗಡಿ ಅವರನ್ನ ಬಿಡಲಿಲ್ಲ. ಅಂದ ಹಾಗೆ ಕಲ್ಲಂಗಡಿ ಹಣ್ಣು ಮೂಲದಲ್ಲಿ ಆಫ್ರಿಕಾದ್ದು.

ಚಿತ್ರದಲ್ಲಿರೋ ಪದಾರ್ಥಗಳನ್ನ ಗುರುತಿಸೋದು ಹೇಗೆ?

ಇದು ಬಹಳ ಜನ ಕೇಳೋ ಪ್ರಶ್ನೆ, ಮತ್ತೆ ಇದಕ್ಕೆ ಚಿತ್ರಕಲೆ ಓದಿರಬೇಕಿಲ್ಲ, ಅಡುಗೆ ಗೊತ್ತಿದ್ರೆ ಸಾಕು.

ಮೊದಲು ಮೆಣಸಿನಕಾಯಿ ನೋಡಿ. ದಪ್ಪಗೆ, ಕಡು ಹಸಿರಾಗಿ, ಕೆಳಗೆ ಚೂಪಾಗಿದ್ರೆ ಪೊಬ್ಲಾನೊ, ಒಳಗೆ ಹೂರಣ ತುಂಬಿ ಮಾಡೋದು ಇದನ್ನೇ. ಇದನ್ನೇ ಹಣ್ಣು ಮಾಡಿ ಒಣಗಿಸಿದ್ರೆ ಅಗಲವಾಗಿ, ಸುಕ್ಕುಸುಕ್ಕಾಗಿ, ಕಂದುಗೆಂಪು ಆಗತ್ತೆ, ಆಗ ಹೆಸರು ಆಂಚೊ. ಉದ್ದಕ್ಕೆ, ಕಡುಗಪ್ಪಾಗಿ ಸುಕ್ಕಾಗಿದ್ರೆ ಪಸಿಲ್ಲಾ. ನಯವಾದ ಸಿಪ್ಪೆ, ಕೆಂಪು ಹೊಳಪು ಇದ್ರೆ ಗ್ವಾಹಿಲ್ಲೊ. ಬ್ಯಾಡಗಿ ಮೆಣಸಿನಕಾಯಿನ ನಾವು ಖಾರಕ್ಕಿಂತ ಬಣ್ಣಕ್ಕೆ ಅಂತ ಹಾಕ್ತೀವಲ್ಲ, ಗ್ವಾಹಿಲ್ಲೊ ಕೆಲಸಾನೂ ಹೆಚ್ಚುಕಮ್ಮಿ ಅದೇ. ಹಲಪೆನ್ಯೊ ಅನ್ನೋದನ್ನ ಹೊಗೆ ಹಾಕಿ ಒಣಗಿಸಿದ್ರೆ ಚಿಪೋತ್ಲೆ. ಚಿತ್ರದಲ್ಲಿ ಮೂರ್ನಾಲ್ಕು ಥರ ಒಣಮೆಣಸಿನಕಾಯಿ ಜೊತೆಗೆ ಎಳ್ಳು, ಬಾದಾಮಿ, ಚಾಕೊಲೇಟ್ ಉಂಡೆ, ದಾಲ್ಚಿನ್ನಿ ಕಂಡ್ರೆ ಕಲಾವಿದರು ಮೋಲೆ ಮಾಡೋ ಸಾಮಾನು ಜೋಡಿಸಿದಾರೆ ಅಂತ ಧೈರ್ಯವಾಗಿ ಹೇಳಬಹುದು.

ಆಮೇಲೆ ಜೋಳ, ಅಂದ್ರೆ ಮೆಕ್ಕೆಜೋಳ. ಮೆಕ್ಸಿಕೋದಲ್ಲಿ ತೆನೆ ಬಿಳಿ, ಹಳದಿ, ಕೆಂಪು, ನೀಲಿ, ಹೆಚ್ಚುಕಮ್ಮಿ ಕಪ್ಪು ಬಣ್ಣದಲ್ಲೂ ಇರತ್ತೆ, ಹಾಗಾಗಿ ನೀಲಿ ತೆನೆ ಕಂಡ್ರೆ ಕಲ್ಪನೆ ಅಂದ್ಕೋಬೇಡಿ. ಪಕ್ಕದಲ್ಲಿ ಸುಣ್ಣದ ಪಾತ್ರೆ ಇದ್ರೆ ಅದಕ್ಕೂ ಅರ್ಥ ಇದೆ. ಒಣಜೋಳನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಸಿ, ಸಿಪ್ಪೆ ತೊಳೆದು ಆಮೇಲೆ ರುಬ್ಬೋದು ಅಲ್ಲಿನ ಪದ್ಧತಿ. ಹಾಗೆ ಮಾಡಿದ್ರೇನೇ ಹಿಟ್ಟು ಹದವಾಗಿ ತೋರ್ತಿಯಾ ಅನ್ನೋ ತೆಳು ರೊಟ್ಟಿ ತಟ್ಟೋಕೆ ಬರತ್ತೆ, ಜೊತೆಗೆ ಜೋಳದಲ್ಲಿರೋ ನಿಯಾಸಿನ್ ಅನ್ನೋ ವಿಟಮಿನ್ ಮೈಗೆ ಹಿಡಿಯತ್ತೆ. ಯುರೋಪಿನವರು ಜೋಳ ತಗೊಂಡು ಹೋದ್ರು, ಸುಣ್ಣದ ವಿದ್ಯೆ ತಗೊಂಡು ಹೋಗಲಿಲ್ಲ, ಬರೀ ಜೋಳದ ಮೇಲೇ ಬದುಕಿದ ಕಡೆ ಪೆಲಾಗ್ರ ಅನ್ನೋ ಕಾಯಿಲೆ ಬಂತು. ಒಂದು ಸಣ್ಣ ಸುಣ್ಣದ ಕುಡಿಕೆ ಹಿಂದೆ ಅಷ್ಟು ತಿಳುವಳಿಕೆ ಇದೆ.

ಚಪ್ಪಟೆ ಹಸಿರು ಎಲೆ ಥರ ಮುಳ್ಳಿರೋದು ನೊಪಾಲ್, ಅಂದ್ರೆ ಪಾಪಸುಕಳ್ಳಿ. ಮುಳ್ಳು ಹೆರೆದು ಎಳೆಯದನ್ನ ಪಲ್ಯದ ಥರ ಮಾಡ್ತಾರೆ, ಅದರ ಹಣ್ಣು ತೂನಾ. ಮೆಕ್ಸಿಕೋ ರಾಷ್ಟ್ರಲಾಂಛನದಲ್ಲಿ ಹದ್ದು ಕೂತಿರೋದು ಇದೇ ಗಿಡದ ಮೇಲೆ. ಕಾಗದದಂಥ ತೆಳು ಹೊದಿಕೆ ಒಳಗೆ ಹಸಿರು ಕಾಯಿ ಇದ್ರೆ ತೊಮಾತಿಯೊ, ಕಾಯಿ ಟೊಮ್ಯಾಟೊ ಅಲ್ಲ, ಬೇರೆನೇ ಗಿಡ. ಹೊರಗೆ ಒರಟು ಕಂದು, ಒಳಗೆ ಕಿತ್ತಳೆಗೆಂಪು, ಮಧ್ಯ ಹೊಳೆಯೋ ಕಪ್ಪು ಬೀಜ ಇದ್ರೆ ಮಮೆ. ಲೋಟದಲ್ಲಿ ಬೆಳ್ಳಗೆ ನೊರೆ ಇರೋದು ಬಹಳ ಸಲ ಪುಲ್ಕೆ, ಕತ್ತಾಳೆ ಜಾತಿಯ ಮಗೇ ಗಿಡದ ರಸ ಹುಳಿ ಬರಿಸಿ ಮಾಡಿದ್ದು.

ಪಾತ್ರೆಗಳಲ್ಲಿ ಮೂರು ಕಾಲಿನ ಕಪ್ಪು ಕಲ್ಲಿನ ಬಟ್ಟಲು ಮೋಲ್ಕಹೇತೆ, ಮೆಣಸಿನಕಾಯಿ ಚಟ್ನಿ ಅರೆಯೋದು. ಇಳಿಜಾರಾದ ಅರೆಯೋ ಕಲ್ಲು ಮೆತಾತೆ. ರೊಟ್ಟಿ ಹಂಚು ಕೊಮಾಲ್. ಕೆತ್ತನೆ ಮಾಡಿದ ಮರದ ಕಡಗೋಲು ಇದ್ರೆ ಮೊಲಿನಿಯೊ, ಬಿಸಿ ಚಾಕೊಲೇಟ್ ನೊರೆ ಬರೋ ಹಾಗೆ ಕಡೆಯೋದು. ಬಿಳಿ ಮೇಲೆ ನೀಲಿ ಚಿತ್ತಾರದ ಪಿಂಗಾಣಿ ಇದ್ರೆ ಪುಯೆಬ್ಲಾದ ತಲಾವೆರಾ ಇರಬಹುದು.

ನಮ್ಮ ಕರ್ನಾಟಕದ ಅಡುಗೆಮನೆಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಒಳ್ಳೇ ಸಂಬಂಧನೇ. ಮೆಣಸಿನಕಾಯಿ, ಮೆಕ್ಕೆಜೋಳ, ಟೊಮ್ಯಾಟೊ, ಸಿಹಿಗುಂಬಳ, ಬೀನ್ಸು, ಸಪೋಟ, ಬೆಣ್ಣೆಹಣ್ಣು, ವೆನಿಲ್ಲಾ ಇದೆಲ್ಲಾ ಮೆಕ್ಸಿಕೋ ಮತ್ತೆ ಅದರ ಅಕ್ಕಪಕ್ಕದ ನಾಡಿಂದ ಹೊರಟವು. ಸೀಬೆ, ಪರಂಗಿ, ಸೀತಾಫಲ, ಕಡಲೆಕಾಯಿನೂ ಅಮೆರಿಕ ಖಂಡಗಳದ್ದೇ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಲ್ಲಿ ಪಶ್ಚಿಮ ಕರಾವಳಿಗೆ ಬಂದ ಮೆಣಸಿನಕಾಯಿ ಇವತ್ತು ಬ್ಯಾಡಗಿ ಹೆಸರಲ್ಲಿ 2011ರಿಂದ ಜಿಐ ಟ್ಯಾಗ್ ಇಟ್ಕೊಂಡಿದೆ. ದಸರಾ ದೀಪಾವಳಿಗೆ ಬಾಗಿಲಿಗೆ ಕಟ್ಟೋ ಚೆಂಡುಹೂವು ಕೂಡ ಮೂಲದಲ್ಲಿ ಮೆಕ್ಸಿಕೋದ್ದು, ಅಲ್ಲಿ ನವೆಂಬರ್ 1, 2ರಂದು ಸತ್ತ ಹಿರಿಯರಿಗೆ ಎಡೆ ಇಡೋವಾಗ ಅದೇ ಹೂವು ಹರಡ್ತಾರೆ. 2003ರ ಸುಮಾರಿಗೆ ಮಲೆನಾಡು, ದಕ್ಷಿಣ ಕನ್ನಡದ ಎಷ್ಟೋ ತೋಟಗಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿಸಿ, ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಲ್ಲೇ ಪರಾಗಸ್ಪರ್ಶ ಮಾಡ್ತಿದ್ದಿದ್ದು ನೆನಪಿದ್ದವರಿಗೆ ಆ ಬಳ್ಳಿಯ ತವರು ಮೆಕ್ಸಿಕೋದ ಪೂರ್ವ ಕರಾವಳಿ ಅಂತ ಗೊತ್ತಿರತ್ತೆ. ಹಾಗಾಗಿ ಈ ಚಿತ್ರಗಳನ್ನ ನಾವು ನೋಡೋವಾಗ ಮೇಜಿನ ಮೇಲಿನ ಅರ್ಧಕ್ಕರ್ಧ ಪದಾರ್ಥದ ತೂಕ, ವಾಸನೆ, ಸಿಪ್ಪೆ ಸುಲಿಯೋ ರೀತಿ ಎಲ್ಲಾ ನಮ್ಮ ಕೈಗೆ ಗೊತ್ತು.

ಹಾಗಿದ್ರೆ ಚಿತ್ರದಲ್ಲಿರೋದೆಲ್ಲಾ ಮೆಕ್ಸಿಕೋದ್ದೇ ತಾನೇ?

ಇಲ್ಲ. ದಾಳಿಂಬೆ, ದ್ರಾಕ್ಷಿ, ಗೋಧಿ, ಈರುಳ್ಳಿ, ನಿಂಬೆ, ಕಬ್ಬು, ಬಾಳೆ ಎಲ್ಲಾ ಆಮೇಲೆ ಹೋದವು. ಏಷ್ಯಾದ ಮಾವು ಫಿಲಿಪೈನ್ಸ್‌ನ ಮನಿಲಾದಿಂದ ಅಕಾಪುಲ್ಕೊಗೆ ಹೋಗ್ತಿದ್ದ ಹಡಗುಗಳಲ್ಲಿ ಹೋಯ್ತು, 1565ರಿಂದ 1815ರ ತನಕ ಆ ಹಡಗುಗಳು ಓಡಾಡಿವೆ. ಅದೇ ದಾರಿಯಲ್ಲಿ 17ನೇ ಶತಮಾನದಲ್ಲಿ ಭಾರತದ ಒಬ್ಬ ಹುಡುಗಿನ ಗುಲಾಮಳಾಗಿ ಪುಯೆಬ್ಲಾಗೆ ಸಾಗಿಸಿದ್ರು. ಮೀರ್ರಾ ಅನ್ನೋ ಹೆಸರಿನ ಅವಳಿಗೆ ಕತಾರಿನಾ ದೆ ಸಾನ್ ಹುವಾನ್ ಅಂತ ಹೊಸ ಹೆಸರಿಟ್ರು, ಮುಂದೆ ಜನ ಅವಳನ್ನ ಸಂತಳ ಥರ ಕಂಡ್ರು, 1688ರಲ್ಲಿ ಅಲ್ಲೇ ತೀರಿಕೊಂಡಳು. ಒಂದು ಮಾವಿನಹಣ್ಣು ಮೆಕ್ಸಿಕೋದ ಚಿತ್ರದಲ್ಲಿ ಕಂಡ್ರೆ ನನಗೆ ಮೊದಲು ನೆನಪಾಗೋದು ಇವಳೇ.

ಹಸಿರು ಮೆಣಸಿನಕಾಯಿ ಮೇಲೆ ಬಿಳಿ ಸಾಸ್, ಕೆಂಪು ದಾಳಿಂಬೆ ಕಾಳು ಇರೋದನ್ನ ಬಹಳ ಜನ ಪೇಂಟ್ ಮಾಡ್ತಾರಲ್ಲ, ಅದೇನು?

ಚಿಲೆಸ್ ಎನ್ ನೊಗಾದಾ. ಪೊಬ್ಲಾನೊ ಸುಟ್ಟು ಸಿಪ್ಪೆ ತೆಗೆದು, ಮಾಂಸ, ಹಣ್ಣು, ಡ್ರೈ ಫ್ರೂಟ್ಸ್ ಹೂರಣ ತುಂಬಿ, ಹಸಿ ಆಕ್ರೋಟ್ ಅರೆದ ಬಿಳಿ ಸಾಸ್ ಸುರಿದು, ದಾಳಿಂಬೆ ಮತ್ತೆ ಪಾರ್ಸ್ಲಿ ಸೊಪ್ಪು ಉದುರಿಸ್ತಾರೆ. ಹಸಿ ಆಕ್ರೋಟ್ ಮತ್ತೆ ದಾಳಿಂಬೆ ಎರಡೂ ಸಿಗೋದು ಜುಲೈಯಿಂದ ಸೆಪ್ಟೆಂಬರ್ ತನಕ, ಹಾಗಾಗಿ ಆ ಕಾಲದ ಅಡುಗೆ. 1821ರಲ್ಲಿ ಪುಯೆಬ್ಲಾದ ಕ್ರೈಸ್ತ ಸನ್ಯಾಸಿನಿಯರು ಮೆಕ್ಸಿಕೋ ಸ್ವಾತಂತ್ರ್ಯಕ್ಕೆ ಮುಂದಾಳಾಗಿದ್ದ ಸೇನಾಪತಿ ಇತುರ್ಬಿದೆಗೆ ಅಂತ ಮಾಡಿ ಬಡಿಸಿದ್ರು ಅನ್ನೋದು ಜನ ಹೇಳ್ತಾ ಬಂದಿರೋ ಕಥೆ.

ಈ ಚಿತ್ರಗಳ ಕೆಂಪು ಬಣ್ಣದ ಬಗ್ಗೆ ಏನೋ ವಿಶೇಷ ಇದೆಯಂತೆ?

ಇದೆ. ಪಾಪಸುಕಳ್ಳಿ ಮೇಲೆ ಬಿಳಿ ಬೂದಿ ಹಿಡಿದ ಹಾಗೆ ಅಂಟಿಕೊಂಡಿರೋ ಒಂದು ಸಣ್ಣ ಹುಳ ಇದೆ, ಕೊಚಿನೀಲ್ ಅಂತ. ಒಂದನ್ನ ಬೆರಳಲ್ಲಿ ಒತ್ತಿದ್ರೆ ಸಾಕು, ಬೆರಳು ಕಡುಗೆಂಪು ಆಗತ್ತೆ. ವಹಾಕಾದ ರೈತರು ಈ ಹುಳ ಸಾಕಿ, ಬ್ರಶ್‌ನಲ್ಲಿ ಕೆರೆದು, ಒಣಗಿಸಿ ಮಾರ್ತಿದ್ರು, ಒಂದು ಪೌಂಡ್ ಆಗೋಕೆ ಸುಮಾರು 70,000 ಹುಳ ಬೇಕು. ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೋದಿಂದ ಹೊರಗೆ ಹೋಗ್ತಿದ್ದ ಸರಕಲ್ಲಿ ಬೆಳ್ಳಿ ಬಿಟ್ರೆ ಬೆಲೆಯಲ್ಲಿ ಮುಂದಿದ್ದಿದ್ದು ಇದೇ. ಬಟ್ಟೆಗೆ ಬಣ್ಣ ಹಾಕೋಕೆ ಹೆಚ್ಚು, ಯುರೋಪಿನ ದೊಡ್ಡ ಕಲಾವಿದರ ಆಯಿಲ್ ಬಣ್ಣದಲ್ಲೂ ಸೇರಿದೆ. ಬಿಸಿಲಿಗೆ ಮಾಸತ್ತೆ ಅನ್ನೋದು ಇದರ ಕೊರತೆ, ಅದಕ್ಕೇ 20ನೇ ಶತಮಾನದವರು ಹೆಚ್ಚಾಗಿ ಕ್ಯಾಡ್ಮಿಯಂ ಥರದ ಗಟ್ಟಿ ಕೆಂಪು ಬಳಸಿದ್ರು.

ಆಯಿಲ್‌ನಲ್ಲೇ ಯಾಕೆ ಬರೀಬೇಕು, ಅಕ್ರಿಲಿಕ್ ಆಗಲ್ವಾ?

ಆಗತ್ತೆ. ಆದ್ರೆ ಅಕ್ರಿಲಿಕ್ ನಿಮಿಷಗಳಲ್ಲಿ ಒಣಗತ್ತೆ, ಆಯಿಲ್ ಬಣ್ಣದಲ್ಲಿರೋ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನ ಗಟ್ಟಿಯಾಗತ್ತೆ, ದಿನಗಟ್ಟಲೆ ಹಸಿ ಇರತ್ತೆ. ಮಾಗಿದ ಹಣ್ಣಿನ ಮೈಮೇಲೆ ಹಳದಿ ಯಾವಾಗ ಕೆಂಪಾಯ್ತು ಅಂತ ಗೊತ್ತಾಗದ ಹಾಗೆ ಬಣ್ಣ ಬೆರೆಸೋಕೆ ಆ ಸಮಯ ಬೇಕು.

ನಾನೇ ಒಂದು ಬರೀಬೇಕು ಅಂತಿದೀನಿ, ಹೇಗೆ ಶುರುಮಾಡಲಿ?

ಸಾಮಾನಿಗೆ ಮೆಕ್ಸಿಕೋಗೆ ಹೋಗಬೇಕಿಲ್ಲ. ತೆನೆ, ಎರಡು ಥರ ಒಣಮೆಣಸಿನಕಾಯಿ, ಸಿಹಿಗುಂಬಳದ ಹೋಳು, ಟೊಮ್ಯಾಟೊ, ಡ್ರ್ಯಾಗನ್ ಫ್ರೂಟ್, ಕೊಡಗು ಚಿಕ್ಕಮಗಳೂರು ಕಡೆಯ ಬೆಣ್ಣೆಹಣ್ಣು, ಮಣ್ಣಿನ ಮಡಕೆ, ಕಲ್ಲಿನ ಒರಳು ಇಷ್ಟಿದ್ರೆ ಧಾರಾಳ ಆಯ್ತು. ಬಯಲುಸೀಮೆಯ ಬೇಲಿಯಿಂದ ಪಾಪಸುಕಳ್ಳಿ ಹಣ್ಣು ತರೋರು ಬರಿಗೈಯಲ್ಲಿ ಮುಟ್ಟಬೇಡಿ, ದೊಡ್ಡ ಮುಳ್ಳಿಗಿಂತ ಕಣ್ಣಿಗೆ ಕಾಣದ ಕೂದಲಿನಂಥ ಮುಳ್ಳು ಬೆರಳಲ್ಲಿ ಸೇರ್ಕೊಂಡು ದಿನಗಟ್ಟಲೆ ಕಾಡತ್ತೆ, ಇಕ್ಕಳ ಬಳಸಿ. ಒಂದೇ ಕಿಟಕಿಯ ಬೆಳಕು ಸಾಕು, ಮೇಲಿನ ಲೈಟ್ ಆಫ್ ಮಾಡಿ, ಇಲ್ಲಾಂದ್ರೆ ನೆರಳು ಎರಡೆರಡು ಬಿದ್ದು ಗೊಂದಲ.

ಯಾವುದು ಮೊದಲು ಕೆಡತ್ತೋ ಅದನ್ನ ಮೊದಲು ಬರೀರಿ. ಕುಂಬಳದ ಹೂವು ಮಧ್ಯಾಹ್ನದ ಹೊತ್ತಿಗೆ ಮುದುಡತ್ತೆ, ಹಾಗಾಗಿ ಅದು ಮೊದಲು. ಕೊಯ್ದ ಬೆಣ್ಣೆಹಣ್ಣು ನೋಡ್ತಾ ನೋಡ್ತಾ ಕಂದಾಗತ್ತೆ, ನಿಂಬೆರಸ ಸವರಿದ್ರೆ ಸ್ವಲ್ಪ ತಡೆಯತ್ತೆ, ಅದು ಎರಡನೇದು. ಆಮೇಲೆ ತೆನೆಯ ಹಸಿರು ಸಿಪ್ಪೆ, ಆಮೇಲೆ ಟೊಮ್ಯಾಟೊ. ಒಣಮೆಣಸಿನಕಾಯಿ, ಮಡಕೆ ಎಷ್ಟು ದಿನ ಬೇಕಾದ್ರೂ ಕಾಯತ್ತೆ.

ಒಣಮೆಣಸಿನಕಾಯಿಗೆ ಬರೀ ಕೆಂಪು ಬಳಿದ್ರೆ ಪ್ಲಾಸ್ಟಿಕ್ ಥರ ಕಾಣತ್ತೆ. ಹತ್ತಿರ ಹಿಡಿದು ನೋಡಿ, ಸುಕ್ಕಿನ ಸಂದಿ ಒಳಗೆ ಹೆಚ್ಚುಕಮ್ಮಿ ಕಪ್ಪಿದೆ, ಸಿಪ್ಪೆ ತೆಳುವಾಗಿರೋ ಕಡೆ ಬೆಳಕು ಒಳಗಿಂದ ಬಂದು ಕಿತ್ತಳೆ ಬಣ್ಣ ಇದೆ, ಏಣಿನ ಮೇಲೆ ಒಂದು ಕೂದಲೆಳೆ ಅಷ್ಟು ಬಿಳಿ ಹೊಳಪಿದೆ, ತೊಟ್ಟು ಹುಲ್ಲಿನ ಬಣ್ಣ. ಮೊದಲು ಕಡುಗಂದು ಹಾಕಿ, ಅದು ಒಣಗಿದ ಮೇಲೆ ತೆಳುವಾಗಿ ಕಡುಗೆಂಪು ಎಳೀರಿ, ಹೊಳಪು ಕೊನೆಗೆ. ತೆನೆಯಲ್ಲೂ ಅಷ್ಟೇ, ಎಲ್ಲಾ ಕಾಳನ್ನೂ ಒಂದೇ ಥರ ಬರೆಯೋಕೆ ಹೋಗಬೇಡಿ, ಬೆಳಕು ಬಿದ್ದ ಕಡೆ ಕೆಲವು ಸಾಲು ಬಿಡಿಸಿ ಬರೆದು ನೆರಳಿನ ಕಡೆ ಒಟ್ಟಾಗಿ ಬಿಟ್ರೆ ಕಣ್ಣೇ ಮಿಕ್ಕಿದ್ದನ್ನ ತುಂಬ್ಕೊಳತ್ತೆ. ಇನ್ನು ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲಿನ ಪದರದಲ್ಲಿ ಜಾಸ್ತಿ ಇರಲಿ, ಉಲ್ಟಾ ಮಾಡಿದ್ರೆ ಮುಂದೆ ಬಿರುಕು ಬಿಡತ್ತೆ.

ಇವುಗಳನ್ನ ಎಲ್ಲಿ ನೋಡಬಹುದು?

ಪೆರೆಸ್ ದೆ ಅಗಿಲಾರ್ ಅವರ ಕಪಾಟು ಮೆಕ್ಸಿಕೋ ನಗರದ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿದೆ. ಫ್ರೀಡಾ ಅವರ ಕಲ್ಲಂಗಡಿ ಕೊಯೊಆಕಾನ್‌ನ ಅವರ ನೀಲಿ ಮನೆಯಲ್ಲಿ, 1958ರಿಂದ ಅದು ಮ್ಯೂಸಿಯಂ. ಬುಸ್ತೋಸ್ ಚಿತ್ರಗಳು ಗ್ವಾನಹ್ವಾತೊದ ಅಲ್ಹೋಂದಿಗಾ ದೆ ಗ್ರಾನಾದಿತಾಸ್ ಮ್ಯೂಸಿಯಂನಲ್ಲಿ, ಅದು ಮೂಲತಃ ಊರಿನ ಧಾನ್ಯ ತುಂಬಿಡೋ ಉಗ್ರಾಣ ಆಗಿದ್ದ ಕಟ್ಟಡ, ಈ ಚಿತ್ರಗಳಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಓಲ್ಗಾ ಕೋಸ್ತಾ 1951ರಲ್ಲಿ ಬರೆದ ಹಣ್ಣು ಮಾರೋ ಹೆಂಗಸಿನ ದೊಡ್ಡ ಚಿತ್ರ ಮೆಕ್ಸಿಕೋ ನಗರದ ಆಧುನಿಕ ಕಲಾ ಮ್ಯೂಸಿಯಂದು, ಆ ದೇಶದ ಹಣ್ಣೆಲ್ಲಾ ಒಂದೇ ಅಂಗಡಿಯಲ್ಲಿ ನೋಡೋ ಆಸೆ ಇದ್ರೆ ಅದನ್ನ ಬಿಡಬೇಡಿ. ಹೋಗೋಕೆ ಆಗದವರು ಮ್ಯೂಸಿಯಂಗಳ ವೆಬ್‌ಸೈಟಲ್ಲಿ ಜೂಮ್ ಮಾಡಿ ನೋಡಬಹುದು, ಮೊಬೈಲ್ ಬೇಡ, ದೊಡ್ಡ ಸ್ಕ್ರೀನ್‌ನಲ್ಲಿ ನೋಡಿ.

ಒರಿಜಿನಲ್ ಕೊಂಡ್ಕೋಬಹುದಾ?

ಫ್ರೀಡಾ, ಮರಿಯಾ ಇಸ್ಕಿಯೆರ್ದೊ ಇವರ ಕೃತಿಗಳನ್ನ ಮೆಕ್ಸಿಕೋ ಸರ್ಕಾರ ರಾಷ್ಟ್ರದ ಕಲಾ ಸ್ಮಾರಕ ಅಂತ ಘೋಷಿಸಿದೆ, ದೇಶದೊಳಗೆ ಇರೋ ಕೃತಿನ ಶಾಶ್ವತವಾಗಿ ಹೊರಗೆ ತಗೊಂಡು ಹೋಗೋ ಹಾಗಿಲ್ಲ. ಈಗ ಬರೀತಾ ಇರೋ ಕಲಾವಿದರ ಹತ್ರ ಕೊಂಡುಕೊಳ್ಳೋದು ಒಳ್ಳೇದು, ಮಾರ್ಕೆಟ್ಟು, ಅಡುಗೆಮನೆ ಬರೆಯೋ ಕಲಾವಿದರು ಅಲ್ಲಿ ಇವತ್ತಿಗೂ ಬೇಕಾದಷ್ಟಿದಾರೆ.

ಅಡುಗೆ ಚಿತ್ರ ಅಂತ ಅಡುಗೆಮನೆಯಲ್ಲೇ ಹಾಕಬಹುದಾ?

ಬೇಡ. ಒಗ್ಗರಣೆ ಹೊಗೆ, ಎಣ್ಣೆ ಜಿಡ್ಡು, ಕುಕ್ಕರ್ ಹಬೆ ಮೂರೂ ಕ್ಯಾನ್ವಾಸ್‌ಗೆ ಶತ್ರು, ಅಲ್ಲಿಗೆ ಪ್ರಿಂಟ್ ಹಾಕಿ. ಒರಿಜಿನಲ್ ಊಟದ ಕೋಣೆಗೆ ಹಾಕಿ, ಅರ್ರಿಯೆತ ಕಾಲದಲ್ಲೂ ಅಲ್ಲೇ ಹಾಕ್ತಿದ್ರು. ನೇರ ಬಿಸಿಲು ಬೀಳೋ ಗೋಡೆ ಬೇಡ. ಕರಾವಳಿ, ಮಲೆನಾಡಲ್ಲಿರೋರು ಫ್ರೇಮ್ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ ಗೋಡೆಗೂ ಚಿತ್ರಕ್ಕೂ ಗಾಳಿ ಆಡೋ ಹಾಗೆ ಮಾಡಿ, ಮಳೆಗಾಲದಲ್ಲಿ ಆಗಾಗ ತೆಗೆದು ಹಿಂಬದಿಗೆ ಬೂಸ್ಟು ಬಂದಿದೆಯಾ ನೋಡಿ. ಧೂಳು ಕೂತ್ರೆ ಒಣಗಿದ ಮೆತ್ತನೆ ಬ್ರಶ್ ಅಷ್ಟೇ, ಒದ್ದೆ ಬಟ್ಟೆ, ಸೋಪು, ಕೊಯ್ದ ಆಲೂಗಡ್ಡೆ ಉಜ್ಜೋದು ಅಂತೆಲ್ಲಾ ಹೇಳ್ತಾರಲ್ಲ ಅದ್ಯಾವುದನ್ನೂ ಮಾಡಬೇಡಿ. ಹೊಸದಾಗಿ ಬರೆದ ಚಿತ್ರಕ್ಕೆ ವಾರ್ನಿಶ್ ಹಾಕೋಕೆ ಕನಿಷ್ಠ ಆರು ತಿಂಗಳು ಕಾಯಿರಿ, ಬಣ್ಣ ದಪ್ಪಗಿದ್ರೆ ಒಂದು ವರ್ಷ.